ಗಟ್ಟಿಮುಟ್ಟಾದ ಸಾಕ್ಷಿ ಬೇಕಾಗಿದ್ದಾರೆ

ನಮ್ಮಜ್ಜ ತೀರಿಕೊಂಡು ದಶಕಗಳಾದರೂ ಪಹಣಿಯಲ್ಲಿ ಇನ್ನೂ ಉಳುತ್ತಲೇ ಇದ್ದಾರೆ. ಪೌತಿ ಖಾತೆಗೆ ವಂಶವೃಕ್ಷ ಬೇಕು. ನಮ್ಮ ವಂಶವೃಕ್ಷದ ಕೊಂಬೆಗಳಿಗೋ ಪರಸ್ಪರ ಮಾತಿಲ್ಲ. ಈ ಪಾಡು ನನ್ನ ಮಕ್ಕಳಿಗೆ ಬೇಡವೆಂದು ವಿಲ್ ಬರೆಯಲು ಕೂತೆ.

ಕಾಯ್ದೆ 1925ರದ್ದಾದರೂ ಬಲು ಉದಾರಿ. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಬಿಳಿ ಹಾಳೆ ಸಾಕು. ಇಬ್ಬರು ಸಾಕ್ಷಿಗಳು ಮಾತ್ರ ಬೇಕೇ ಬೇಕು. "ನಿಮಗಿಂತ ಗಟ್ಟಿಮುಟ್ಟಾಗಿರೋರನ್ನ ಹಿಡೀರಿ ಸಾರ್, ನಾಳೆ ತಕರಾರು ಬಂದ್ರೆ ಕೋರ್ಟಿಗೆ ಬರಬೇಕಾದವರು ಅವರೇ" ಎಂದರು ಲಾಯರು.

ಅಂದಿನಿಂದ ನನ್ನ ಕಣ್ಣಿಗೆ ಮನುಷ್ಯರು ಬರೀ ಆಯುಸ್ಸಾಗಿ ಕಾಣತೊಡಗಿದರು. ಮಹಡಿ ಮನೆಯ ರಾಯರು ಸತ್ಯವಂತರು, ಆದರೆ ಶ್ವಾಸ? ಅವರ ಹಿಂದೆಯೇ ಮೆಟ್ಟಿಲು ಹತ್ತಿ, ಕಿವಿಗೊಟ್ಟು ಏದುಸಿರು ಎಣಿಸಿದೆ.

"ರಾಯರೇ, ಶುಗರ್ ಎಷ್ಟಿದೆ?"

"ಊಟಕ್ಕೆ ಮುಂಚೆದೋ, ಆಮೇಲಿಂದೋ?" ಎನ್ನುತ್ತಾ ಸಂಭ್ರಮದಿಂದ ಫೈಲನ್ನೇ ತಂದರು. ಕೊಲೆಸ್ಟರಾಲ್, ಕ್ರಿಯಾಟಿನಿನ್, ಇಸಿಜಿಯ ಏರಿಳಿತ, ಎಲ್ಲದರ ಮೇಲೂ ಬೆರಳಾಡಿಸಿದೆ. ಏನೂ ಅರ್ಥವಾಗದಿದ್ದರೂ, "ಹದಿನೈದು ವರ್ಷಕ್ಕೆ ಮೋಸವಿಲ್ಲ" ಎಂದು ತೀರ್ಪಿತ್ತೆ. ಕಾರಣ ಕೇಳಿದರು. ಹೇಳಿದೆ. ಕನ್ನಡಕ ಹಣೆಗೇರಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮಗೋಸ್ಕರ ನಾನು ಅಷ್ಟು ದಿನ ಕಾಯಬೇಕಾಗಿಲ್ಲ ಬಿಡಿ, ಪೆನ್ನು ಕೊಡಿ" ಎಂದರು. ಮೊದಲು ನಾನು ಸಹಿ ಮಾಡಬೇಕು, ಅದನ್ನು ನೀವು ನೋಡಬೇಕು ಎಂದು ಪೆನ್ನನ್ನು ಹಿಂದಕ್ಕೆ ತೆಗೆದುಕೊಂಡೆ.

ಹೆಂಡತಿಯದು ಬೇರೆ ತಗಾದೆ: "ಬ್ಯಾಂಕಲ್ಲಿ ನಾಮಿನಿ ನಾನೇ ಅಲ್ವಾ, ಇದೆಲ್ಲ ಯಾಕ್ರೀ?" ನಾಮಿನಿಯ ಕೈಗೆ ದುಡ್ಡು ಬರುತ್ತದೆ, ಅಷ್ಟಕ್ಕೇ ಅದು ಅವಳದಾಗುವುದಿಲ್ಲ ಎಂದೆ. ಅವಳು ನನ್ನನ್ನೇ ಅನುಮಾನದಿಂದ ನೋಡಿದಳು.

ಸಹಿಯ ದಿನ ಭಾವಮೈದ ಹಾಜರು. ನಮ್ಮ ಮನೆಯ ಕಾಫಿ ಕುಡಿಯುತ್ತಲೇ, "ಮಗಳಿಗೆ ಮದುವೆ ಮಾಡಿಕೊಟ್ಟಾಯ್ತಲ್ಲ ಭಾವ, ಸಮಪಾಲು ಯಾಕೆ?" ಎಂದ. ಪಿತ್ರಾರ್ಜಿತದಲ್ಲೇ ಹೆಣ್ಣುಮಕ್ಕಳಿಗೆ ಸಮಪಾಲು ಎಂದು 2005ರಲ್ಲೇ ತಿದ್ದುಪಡಿಯಾಗಿದೆ. ಇದು ನನ್ನ ಸ್ವಂತ ದುಡಿಮೆ, ಇವನ್ಯಾರು ಕೇಳಲು? ನಮ್ಮಮ್ಮನಿಂದ ತವರಿನವರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಅರಿಶಿನ ಕುಂಕುಮದ ಜೊತೆ ಒಂದು ಸೀರೆ ಕೊಟ್ಟು ಕಳಿಸಿದ್ದರು. ಸೀರೆ ಚೆನ್ನಾಗಿತ್ತು. ಅಮ್ಮ ಅದನ್ನು ಉಡಲೇ ಇಲ್ಲ.

ನಾನು ಬಿಗಿದುಕೊಂಡದ್ದು ನೋಡಿ ಅವನೇ ಮೆತ್ತಗಾದ. "ಹೋಗ್ಲಿ ಬಿಡಿ ಭಾವ. ಎರಡನೇ ಸಾಕ್ಷಿಗೆ ನಾನೇ ಇದ್ದೀನಲ್ಲ?"

ಅವನ ಹೊಟ್ಟೆ ನೋಡಿದೆ. ಎದುರುಮನೆಯ ಜಿಮ್ ಹುಡುಗನಿಗೆ ಫೋನ್ ಮಾಡಿದೆ.