ಮೀಟರ್ ಗೇಜ್ ಕಂಪ್ಯೂಟರು

ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಬೇಕೋ ಹೊಸ ಸರ್ವರಿಗೆ ಜೋಡಿಸಬೇಕೋ ಎಂದು ಕೇಳಿದರೆ ನಾನು ಜೋಡಿಸುವ ಪಕ್ಷ. ನಮ್ಮ ಮಲೆನಾಡಿನ ಆನಂದಪುರದಲ್ಲಿ ಈ ಪಕ್ಷ ಚುನಾವಣೆಗೆ ನಿಂತರೆ ಠೇವಣಿ ಉಳಿಯುವುದಿಲ್ಲ ಎಂಬುದು ಗೊತ್ತಿದೆ. ಇಂಥ ನಿಲುವಿಗೆ ನಾಚಿಕೊಳ್ಳಬೇಕು ಎಂಬುದೂ ಗೊತ್ತಿದೆ. ಅರ್ಧ ನಾಚಿಕೆ ಬರುತ್ತದೆ, ಇನ್ನರ್ಧ ಬರುವಾಗಲೇ ಹೆಮ್ಮೆಯಾಗಿರುತ್ತದೆ. ಆದ್ದರಿಂದ ಸಾಕ್ಷಿ ಸಮೇತ ವಾದ ಮಂಡಿಸುವುದೇ ಮರ್ಯಾದೆ. ಮೊದಲ ಸಾಕ್ಷಿ, ಯಾವುದಾದರೂ ಹಳ್ಳಿ ಸೊಸೈಟಿಯ ಮೂಲೆಯಲ್ಲಿ ಹಳದಿಗೆ ತಿರುಗಿ ಕೂತಿರುವ ಯಂತ್ರವೇ. ಒಳಗೆ ವಿಂಡೋಸ್ ಎಕ್ಸ್‌ಪಿ, ಅದರೊಳಗೆ ಡಾಸ್ ಕಾಲದ ಫಾಕ್ಸ್‌ಪ್ರೋದಲ್ಲಿ ಯಾರೋ ಬರೆದುಕೊಟ್ಟು ಹೋದ ಲೆಕ್ಕದ ಪ್ರೋಗ್ರಾಮು, ಪಕ್ಕದಲ್ಲಿ ಕರಕರ ಎನ್ನುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಇದನ್ನಿನ್ನೂ ಇಟ್ಟುಕೊಂಡಿದ್ದೀರಾ ಎಂದು ನಗುವವರಿಗೆ ಉತ್ತರ ಒಂದೇ: ರಸೀತಿ ಮೂರು ಪ್ರತಿ ಬೇಕು. ಪಿನ್ನು ಕುಟ್ಟಿದರೆ ಮಾತ್ರ ಕಾರ್ಬನ್ನಿನ ಕೆಳಗಿನ ಹಾಳೆಗಳಿಗೂ ಅಕ್ಷರ ಇಳಿಯುತ್ತದೆ. ಲೇಸರ್ ಪ್ರಿಂಟರಿನ ನಾಜೂಕೆಲ್ಲ ಮೇಲಿನ ಹಾಳೆಗೇ ಮುಗಿಯಿತು. ಆ ಹಳೇ ಪ್ರಿಂಟರಿಗೆ ಬೇಕಾದ 25 ಪಿನ್ನಿನ ಪೋರ್ಟು ಹೊಸ ಕಂಪ್ಯೂಟರುಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ, ಡಾಸ್ ಪ್ರೋಗ್ರಾಮಂತೂ 64 ಬಿಟ್ ವಿಂಡೋಸಿನಲ್ಲಿ ಕಣ್ಣೇ ಬಿಡುವುದಿಲ್ಲ.

ಇಷ್ಟು ಹಳೆಯದು ಹೊಸ ಸರ್ವರಿಗೆ ಸೇರುವುದೇ ಇಲ್ಲವಲ್ಲ ಎಂಬುದು ಎದುರು ಪಕ್ಷದ ಆಕ್ಷೇಪ. ತಮಾಷೆಯೆಂದರೆ, ಮುಕ್ಕಾಲು ಪಾಲು ಸೇರಿಯೇ ಇರುತ್ತದೆ. ಹಳೇ ಲ್ಯಾನ್ ಕಾರ್ಡಿಗೆ ಇವತ್ತಿನ ಕೇಬಲ್ಲು ಟಕ್ಕೆಂದು ಕೂರುತ್ತದೆ. ಗಿಗಾಬಿಟ್ ಸ್ವಿಚ್ಚು ತನ್ನ ವೇಗ ತಗ್ಗಿಸಿಕೊಂಡು ನೂರು ಮೆಗಾಬಿಟ್ಟಿಗೆ, ಬೇಕಾದರೆ ಹತ್ತಕ್ಕೂ ಇಳಿಯುತ್ತದೆ. ಐಪಿ ವಿಳಾಸದ ನಿಯಮ 1981ರದ್ದು, ಇಬ್ಬರಿಗೂ ಬಾಯಿಪಾಠ. ಪಿಂಗ್ ಮಾಡಿದರೆ ಸರ್ವರು ಕಣ್ಣು ಮಿಟುಕಿಸುವುದರೊಳಗೆ ಓಗೊಡುತ್ತದೆ. ಫೋಲ್ಡರು ತೆರೆಯಿರಿ ಎಂದ ಕ್ಷಣ ಮಾತ್ರ ದಾರಿ ಸಿಗುತ್ತಿಲ್ಲ ಎಂಬ ಉತ್ತರ. ಅಂಗಳದಲ್ಲೇ ನಿಲ್ಲಿಸಿ ಕುಶಲ ಕೇಳಿ, ಆಸರಿಗೆ ಸಹ ಕೊಡದೆ ಕಳಿಸುವ ಈ ಪದ್ಧತಿ ಮಲೆನಾಡಿನದಂತೂ ಅಲ್ಲ. ಕಡತ ಹಂಚಿಕೊಳ್ಳಲು ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿ ನಿಯಮದ ಒಂದನೇ ಆವೃತ್ತಿ ಮಾತ್ರ, 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ್ದು. ವಿಂಡೋಸ್ ವಿಸ್ತಾ ಜೊತೆಗೆ ಎರಡನೆಯದು ಬಂತು. 2017ರ ಕೊನೆಯ ಹೊತ್ತಿಗೆ ವಿಂಡೋಸ್ 10ರಲ್ಲಿ, ಆಮೇಲೆ ಸರ್ವರ್ 2019ರಲ್ಲಿ ಒಂದನೆಯದನ್ನು ಬದಿಗಿಟ್ಟೇ ಕಳಿಸತೊಡಗಿದರು. ಲಿನಕ್ಸ್ ಕಡೆಯ ಸಾಂಬಾ ಕೂಡ 2019ರಲ್ಲಿ ಅದೇ ದಾರಿ ಹಿಡಿಯಿತು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಿವಮೊಗ್ಗದ ತನಕ ಬ್ರಾಡ್‌ಗೇಜ್ ಬಂದು ಎಷ್ಟೋ ವರ್ಷ ಆಚೆ ತಾಳಗುಪ್ಪದವರೆಗೆ ಮೀಟರ್ ಗೇಜೇ ಇತ್ತು, ಆನಂದಪುರದ ಮೇಲೆ ರೈಲ್‌ಬಸ್ಸು ಹೋಗುತ್ತಿತ್ತು. ಒಂದು ಹಳಿಯ ಅಗಲ 1,676 ಮಿಲಿಮೀಟರು, ಇನ್ನೊಂದರದ್ದು 1,000. ರೈಲ್‌ಬಸ್ಸಿನ ಎಂಜಿನ್ನು ಕೆಟ್ಟಿದ್ದಕ್ಕೇ ಅದು ಬೆಂಗಳೂರಿಗೆ ಹೋಗುತ್ತಿಲ್ಲ ಎಂದು ಯಾರೂ ವಾದಿಸಲಿಲ್ಲ. ಶಿವಮೊಗ್ಗದಲ್ಲಿ ಇಳಿದು ಬೇರೆ ಗಾಡಿ ಹತ್ತಿದರು.

ಹಾಗಾದರೆ ಸರ್ವರಿನಲ್ಲೇ ಹಳೇ ಆವೃತ್ತಿಯನ್ನು ಮತ್ತೆ ಚಾಲೂ ಮಾಡಿಬಿಡೋಣ ಎನ್ನುವ ಮಿತ್ರಪಕ್ಷದವರೂ ಇದ್ದಾರೆ. ಇವರಿಂದ ನನ್ನನ್ನು ದೇವರೇ ಕಾಪಾಡಬೇಕು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಹುಳು ದೇಶದೇಶಗಳ ಆಸ್ಪತ್ರೆ, ಕಾರ್ಖಾನೆಗಳಿಗೆ ನುಗ್ಗಿದ್ದು ಇದೇ ಎಸ್‌ಎಂಬಿ ಒಂದರ ಬಿರುಕಿನಲ್ಲಿ. ಒಂದು ಮುದಿ ಯಂತ್ರಕ್ಕಾಗಿ ಸರ್ವರಿನ ಹಿತ್ತಿಲ ಬಾಗಿಲು ತೆರೆದಿಡುವುದು ಶುದ್ಧ ಅವಿವೇಕ, ಈ ಮಾತಿನಲ್ಲಿ ಎದುರು ಪಕ್ಷಕ್ಕೇ ನನ್ನ ಮತ. ಆದರೆ ನಮಗೆ ಅನುಕೂಲವಾದ ಒಂದು ಸಂಗತಿಯನ್ನು ಹೇಳದೆ ಇರಲಾರೆ: ಆ ಹುಳುವಿಗೆ ಸಿಕ್ಕಿಬಿದ್ದವು ಬಹುತೇಕ ವಿಂಡೋಸ್ 7ರವು. ಎಕ್ಸ್‌ಪಿಯ ಮೈಮೇಲೆ ಅದು ಕೈಯಿಟ್ಟರೆ ಹೆಚ್ಚಿನ ಸಲ ಎಕ್ಸ್‌ಪಿ ನೀಲಿ ಪರದೆ ತೋರಿಸಿ ಅಲ್ಲೇ ಮಲಗಿಬಿಡುತ್ತಿತ್ತು. ಕಳ್ಳನಿಗೂ ಉಪಯೋಗಕ್ಕೆ ಬಾರದಷ್ಟು ಹಳೆಯದಾಗುವುದು ಭದ್ರತೆಯ ಒಂದು ಬಗೆ. ಶಿಫಾರಸು ಮಾಡುವ ಧೈರ್ಯ ಮಾತ್ರ ಇಲ್ಲ.

ಕಡತ ಬಿಟ್ಟು ಬ್ರೌಸರಿನ ಕಡೆ ಹೋದರೆ ಅಲ್ಲೂ ಇದೇ ಪಾಡು. ಎಕ್ಸ್‌ಪಿಯ ಎಕ್ಸ್‌ಪ್ಲೋರರಿಗೆ ಬರುವುದು ಸುರಕ್ಷಿತ ಸಂಪರ್ಕದ 1999ರ ನಿಯಮ, ಟಿಎಲ್‌ಎಸ್ 1.0, ಅದಕ್ಕೆ 2021ರ ಮಾರ್ಚಿನಲ್ಲಿ ಅಧಿಕೃತವಾಗಿಯೇ ನಿವೃತ್ತಿಯಾಗಿದೆ. ಫೈರ್‌ಫಾಕ್ಸಿನ 52ನೇ ಆವೃತ್ತಿ ಹಾಕಿಕೊಂಡು ಈ ಹೊಳೆ ದಾಟಬಹುದು. ದಾಟಿದ ಮೇಲೆ ಎದುರಾಗುವುದೇ ಇಡೀ ವ್ಯವಹಾರದ ಮುಕುಟಮಣಿ, ತಾರೀಖು. ಮದರ್‌ಬೋರ್ಡಿನ ಮೇಲೆ ನಾಣ್ಯದಗಲದ ಒಂದು ಸೆಲ್ಲಿರುತ್ತದೆ, ಸಿಆರ್2032, ಮೂರು ವೋಲ್ಟು. ಕರೆಂಟಿಲ್ಲದಾಗ ಗಡಿಯಾರ ಓಡಿಸುವುದು ಅದರ ಮುಖ್ಯ ಕಸುಬು. ಪೇಟೆಯಲ್ಲಿ ಅದು ಸತ್ತರೂ ಸುದ್ದಿಯಾಗುವುದಿಲ್ಲ, ಅಲ್ಲಿ ಪ್ಲಗ್ಗು ಸದಾ ಗೋಡೆಯಲ್ಲೇ ಇರುತ್ತದೆ. ನಮ್ಮಲ್ಲಿ ಯುಗಾದಿ ಕಳೆದು ಮೊದಲ ಗುಡುಗು ಕೇಳಿದ್ದೇ ‘ಪ್ಲಗ್ ಕೀಳ್ರೋ’ ಎಂಬ ಕೂಗು ಏಳುತ್ತದೆ. ಮಿಂಚಿಗೆ ಮೋಡೆಮ್ಮು ಸುಟ್ಟುಕೊಂಡ ಸೀಮೆಗೆ ಇದು ವಿವೇಕವೇ. ಮಳೆ ನಿಂತು ಮತ್ತೆ ಚಾಲೂ ಮಾಡಿದಾಗ ಯಂತ್ರಕ್ಕೆ ಎಚ್ಚರವಾಗುವುದು, ಹೇಳೋಣ, 2002ರ ಜನವರಿ ಒಂದರ ನಡುರಾತ್ರಿ ಹನ್ನೆರಡಕ್ಕೆ. ಅದರ ಮಟ್ಟಿಗೆ ವಾಜಪೇಯಿ ಪ್ರಧಾನಿ, ಎಸ್. ಎಂ. ಕೃಷ್ಣ ಮುಖ್ಯಮಂತ್ರಿ, ತಾಳಗುಪ್ಪಕ್ಕೆ ಮೀಟರ್ ಗೇಜು. ಈ ಲೋಕದಲ್ಲಿ ಕೂತು ಅದು ಸರ್ವರನ್ನು ಕರೆಯುತ್ತದೆ. ಸರ್ವರು ವಿನಯದಿಂದ ತನ್ನ ಸರ್ಟಿಫಿಕೇಟು ಮುಂದಿಡುತ್ತದೆ, 2025ರಿಂದ ಊರ್ಜಿತ ಎಂದು ಅದರಲ್ಲಿದೆ. ಇನ್ನೂ ಹುಟ್ಟದವರ ಗುರುತಿನ ಚೀಟಿಯನ್ನು ನಂಬುವುದು ಹೇಗೆ ಎಂದು ನಮ್ಮ ಯಂತ್ರ ಅದನ್ನು ಮಡಿಚಿ ವಾಪಸು ಕೊಡುತ್ತದೆ. ಈ ತರ್ಕದಲ್ಲಿ ಒಂದೇ ಒಂದು ಲೋಪ ತೋರಿಸಿ ನೋಡೋಣ! ಸರ್ವರಿನ ಕಡೆಯೂ ಬಿಗುಮಾನ ಕಡಿಮೆಯಿಲ್ಲ; ಕರ್ಬರೋಸ್ ಎಂಬ ಲಾಗಿನ್ ಪದ್ಧತಿ ಗಡಿಯಾರಗಳ ನಡುವೆ ಸಾಮಾನ್ಯವಾಗಿ ಐದು ನಿಮಿಷದ ಅಂತರವನ್ನಷ್ಟೇ ಸಹಿಸುತ್ತದೆ. ಕೋರಂ ಇಲ್ಲದಿದ್ದರೆ ಅರ್ಧ ಗಂಟೆ ಮುಂದೂಡಿ ಅದೇ ಸ್ಥಳದಲ್ಲಿ ಸಭೆ ನಡೆಸುವ ಸಹಕಾರಿ ಪರಂಪರೆಗೆ ಐದು ನಿಮಿಷ ಯಾವ ಲೆಕ್ಕ? ಈ ಗದ್ದಲದ ನಡುವೆ ಯಾರಾದರೂ ಕೌಂಟರಿಗೆ ಬಂದು ಬೆಳೆಸಾಲ ಕಟ್ಟಿದರಂತೂ ಕೇಳುವುದೇ ಬೇಡ. 2024ರಲ್ಲಿ ಪಡೆದ ಸಾಲ 2002ರಲ್ಲಿ ಚುಕ್ತಾ ಎಂದು ಫಾಕ್ಸ್‌ಪ್ರೋ ಮೂರು ಪ್ರತಿಯಲ್ಲಿ ಕುಟ್ಟಿಕೊಡುತ್ತದೆ. ಕಟ್ಟಿದ ದಿನದಿಂದ ಪಡೆದ ದಿನ ಕಳೆದರೆ ಬರುವುದು ಮೈನಸ್ಸು, ಮೈನಸ್ ದಿನಕ್ಕೆ ಮೈನಸ್ ಬಡ್ಡಿ, ಅಂದರೆ ಇಪ್ಪತ್ತೆರಡು ವರ್ಷದ ಬಡ್ಡಿಯನ್ನು ಸೊಸೈಟಿಯೇ ಸದಸ್ಯನಿಗೆ ಎಣಿಸಿಕೊಡಬೇಕು. ಸಾಲ ಮನ್ನಾ ಮಾಡಿದ ಯಾವ ಸರ್ಕಾರಕ್ಕೂ ಹೊಳೆಯದ ಉಪಾಯ ಇದು. ಇಷ್ಟಕ್ಕೂ ಪರಿಹಾರ ಒಂದು ಸೆಲ್ಲು, ಎರಡು ಮಸಾಲೆದೋಸೆಗಿಂತ ಅಗ್ಗ. ರಿಪೇರಿಯವರು ಮಾತ್ರ ಕೇಬಲ್ಲು, ಲ್ಯಾನ್ ಕಾರ್ಡು, ಸ್ವಿಚ್ಚು ಎಲ್ಲ ಬದಲಿಸಿದ ಮೇಲೆ ‘ಇದು ಹಳೇದಾಯ್ತು ಸಾರ್’ ಎಂಬ ತೀರ್ಪು ಕೊಟ್ಟು ಬಿಲ್ಲು ಹರಿಯುತ್ತಾರೆ.

ಸರ್ಕಾರವೇ ಹೊಸ ಕಂಪ್ಯೂಟರು ಕೊಡುವಾಗ ಈ ರಗಳೆ ಯಾಕೆ ಎಂಬುದು ಗಟ್ಟಿ ಆಕ್ಷೇಪ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶದಡಿ ತರಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಯಂತ್ರ, ತರಬೇತಿ, ಹಳೇ ದಾಖಲೆ ಏರಿಸುವುದು ಎಲ್ಲ ಅದರಲ್ಲಿದೆ, ಒಳ್ಳೆಯದೇ. ಆದರೆ ಹಳೇ ದಾಖಲೆ ಕೂತಿರುವುದು ಎಲ್ಲಿ? ಲೆಕ್ಕ ಫಾಕ್ಸ್‌ಪ್ರೋದಲ್ಲಿ, ನಡಾವಳಿ ಮತ್ತು ನೋಟೀಸು ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟಿನಲ್ಲಿ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ನಮ್ಮ ಕಚೇರಿಗಳು ಬಹುಕಾಲ ಬರೆದದ್ದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಯ ಮೇಲೆ ಕನ್ನಡದ ಆಕಾರ ಕೂರಿಸಿಕೊಂಡು. ಆ ಫಾಂಟಿಲ್ಲದ ಹೊಸ ಯಂತ್ರದಲ್ಲಿ ಅಧ್ಯಕ್ಷರ ಹೆಸರು ನೆತ್ತಿಯ ಮೇಲೆ ಚುಕ್ಕೆ, ಗೀರು ಹೊತ್ತ ಫ್ರೆಂಚ್ ಅಕ್ಷರಗಳ ಸಾಲಾಗುತ್ತದೆ. ಪರಿವರ್ತಕಗಳಿವೆ, ಅರ್ಕಾವತ್ತು ಜಾಗ ತಪ್ಪಿತೇ ಎಂದು ಒಬ್ಬರು ಕೂತು ನೋಡಬೇಕು. ‘ಡೇಟಾ ಅಪ್‌ಲೋಡ್ ಮಾಡಿ, ಹಳೇದನ್ನು ಎಸೀರಿ’ ಎಂದು ಫೋನಿನಲ್ಲಿ ಅಪ್ಪಣೆ ಕೊಡುವವರು ಒಂದು ಮಳೆಗಾಲವಾದರೂ ಆ ಕೌಂಟರಿನಲ್ಲಿ ಕೂರಬೇಕು. ತೀರಿಹೋದ ಅಪ್ಪನ ಷೇರು ಯಾವ ವರ್ಷದ್ದು, ನಾಮಿನಿ ಯಾರು ಎಂದು ಕೇಳಿಕೊಂಡು ಬಂದ ಮಗಳಿಗೆ ‘ಸಿಸ್ಟಮ್ಮಿನಲ್ಲಿ ಇಲ್ಲಮ್ಮ’ ಎಂದು ಹೇಳಬೇಕಾದವನು ಗುಮಾಸ್ತ, ಫೋನಿನವರಲ್ಲ. ಎಲ್ಲಿದೆ ಎಂಬುದು ಅವನಿಗೆ ಗೊತ್ತು, ಮೂರಡಿ ಆಚೆಯ ಯಂತ್ರದಲ್ಲಿ. ಅಲ್ಲಿಂದ ಇಲ್ಲಿಗೆ ದಾರಿ ಇಟ್ಟಿಲ್ಲ, ಅಷ್ಟೇ. ಪೆನ್‌ಡ್ರೈವಿನಲ್ಲಿ ತರಬಹುದಲ್ಲ ಎಂದರೆ, ವೈರಸ್ಸು ಊರೂರು ತಿರುಗಿದ್ದೂ ಅದರ ಬೆನ್ನೇರಿಯೇ.

ಆದ್ದರಿಂದ ನನ್ನ ಪಕ್ಷದ ಪ್ರಣಾಳಿಕೆ ಸಣ್ಣದು. ಎರಡು ಲ್ಯಾನ್ ಪೋರ್ಟಿನ ಒಂದು ಪುಟ್ಟ ಲಿನಕ್ಸ್ ಪೆಟ್ಟಿಗೆ ನಡುವೆ ಇಡಿ. ಒಂದು ಕಡೆ ಅದು ಹಳೇ ಯಂತ್ರದೊಡನೆ ಮಾತ್ರ ಎಸ್‌ಎಂಬಿ ಒಂದರಲ್ಲಿ ಮಾತಾಡಲಿ, ಇನ್ನೊಂದು ಕಡೆ ಸರ್ವರಿನೊಡನೆ ಇವತ್ತಿನ ಆವೃತ್ತಿಯಲ್ಲಿ. ಹಳೆಯದಕ್ಕೆ ಇಂಟರ್‌ನೆಟ್ಟಿನ ಗಾಳಿ ಸೋಕಕೂಡದು, ಸರ್ವರು ತನ್ನ ಬಿಗಿ ಸಡಿಲಿಸುವುದೂ ಬೇಡ. ಆ ಪೆಟ್ಟಿಗೆಗೂ ವಯಸ್ಸಾಗುವುದಿಲ್ಲವೇ ಎಂಬುದು ಕೊನೆಯ ಆಕ್ಷೇಪ. ಖಂಡಿತ ಆಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಹಳೇ 32 ಬಿಟ್ ಪೆಟ್ಟಿಗೆ ತಂದಿದ್ದರೆ 2038ರ ಜನವರಿ 19ರಂದು ಸೆಕೆಂಡು ಎಣಿಸಲು ಜಾಗ ಸಾಲದೆ ಅದರ ಗಡಿಯಾರ 1901ರ ಡಿಸೆಂಬರಿಗೆ ಹಾರುತ್ತದೆ. ದೇಶದ ಮೊದಲ ಸಹಕಾರಿ ಕಾಯ್ದೆ ಬಂದದ್ದು 1904ರಲ್ಲಿ, ಮೈಸೂರು ಸಂಸ್ಥಾನದ್ದು ಅದರ ಮರುವರ್ಷ. ಕಾಯ್ದೆ ಹುಟ್ಟುವ ಮೊದಲೇ ಸಾಲ ಕೊಟ್ಟ ಸೊಸೈಟಿಯನ್ನು ಯಾವ ಸೆಕ್ಷನ್ನಿನಡಿ ಆಡಿಟ್ ಮಾಡುವುದು ಎಂದು ಇಲಾಖೆಯವರು ಈಗಿನಿಂದಲೇ ಫೈಲು ತೆರೆಯಬಹುದು.