ಸಮದೋಷನ್ಯಾಯ: ಹಳೆಯ ಕಾದಂಬರಿಯ ಪೂರ್ಣಪಾಠವನ್ನು ಅಂತರ್ಜಾಲದಲ್ಲಿ ಪಡೆಯುವ ಶಾಸ್ತ್ರ

ಹಳೆಯ ಕಾದಂಬರಿಯೊಂದರ ಪೂರ್ಣಪಾಠ ಅಂತರ್ಜಾಲದಲ್ಲಿ ಸಿಗದಿದ್ದರೆ ಅದು ಅಲ್ಲಿಲ್ಲವೆಂದೇ ತಿಳಿಯುವುದು ಲೋಕರೂಢಿ. ಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಗ್ರಂಥ ಅಲ್ಲಿ ಇದ್ದೇ ಇರುತ್ತದೆ; ಅದನ್ನು ಪಟ್ಟಿಗೆ ಸೇರಿಸಿದ ಗುಮಾಸ್ತ ಎಲ್ಲಿ ಕಾಗುಣಿತ ತಪ್ಪಿದನೋ ಅಲ್ಲೇ, ಅಷ್ಟೇ ತಪ್ಪಬಲ್ಲವನಿಗೆ ಮಾತ್ರ ಅದು ದರ್ಶನ ಕೊಡುತ್ತದೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಇದಕ್ಕೆ ಸಮದೋಷನ್ಯಾಯವೆಂದು ಹೆಸರು. ಹೆಸರಿಟ್ಟವರು ಪ್ರಸ್ತುತ ಲೇಖಕರೇ ಆದ್ದರಿಂದ ಪೂರ್ವಸೂರಿಗಳ ಸಮ್ಮತಿ ಕೇಳುವ ತೊಂದರೆ ಬಂದಿಲ್ಲ.

ಉದಾಹರಣೆಗೆ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯನ್ನೇ ತೆಗೆದುಕೊಳ್ಳೋಣ. 1899ರಲ್ಲಿ ಮಂಗಳೂರಿನಲ್ಲಿ ಹೊರಬಂದ, ವಿಧವೆಯೊಬ್ಬಳು ಓದಿ ಮರುಮದುವೆಯಾಗುವ ಕಥೆಯುಳ್ಳ, ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಹೆಸರಾದ ಕೃತಿ ಇದು. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಬರುತ್ತದೆ, ಓದಿರಬೇಕೆಂಬ ಷರತ್ತಿಲ್ಲ. ಓದಲೇಬೇಕೆಂಬ ಹಟವಾದಿ ಏನು ಮಾಡಬೇಕು? ಈ ಶತಮಾನದ ಆರಂಭದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯವರು ಗ್ರಂಥಾಲಯಗಳ ಹಳೆಯ ಪುಸ್ತಕಗಳನ್ನು ರಾಶಿರಾಶಿಯಾಗಿ ಸ್ಕ್ಯಾನ್ ಮಾಡಿದರು. ಅವುಗಳ ಪ್ರತಿಗಳು ಇಂದು ಇಂಟರ್‌ನೆಟ್ ಆರ್ಕೈವ್‌ನಲ್ಲಿವೆ. ಪುಟಗಳು ಕನ್ನಡದಲ್ಲಿದ್ದರೂ ಪಟ್ಟಿಯ ಹೆಸರುಗಳು ಬಹುಪಾಲು ರೋಮನ್ ಲಿಪಿಯಲ್ಲಿ, ಬೆರಳಚ್ಚು ಮಾಡಿದವರ ಕಿವಿಗೆ ಬಿದ್ದಂತೆ ಇವೆ. ಈಗ ಎಣಿಸಿ. ‘ಇಂ’ಗೆ ಐ ಎಂಬ ಅಕ್ಷರ ಹಾಕುವವರೂ ಉಂಟು, ಎರಡು ಇ ಒತ್ತುವವರೂ ಉಂಟು. ‘ದಿ’ಗೆ ಎಚ್ ಸೇರಿಸುವುದು ಒಂದು ಸಂಪ್ರದಾಯ, ಬಿಡುವುದು ಇನ್ನೊಂದು. ‘ರಾ’ದ ದೀರ್ಘಕ್ಕೆ ಎ ಒಂದೋ ಎರಡೋ. ‘ಬಾಯಿ’ಗೆ ಬಿಎಐ, ಬಿಎವೈಐ, ಬಿಎಎವೈಐ ಎಂಬ ಮೂರು ರೂಪಗಳಲ್ಲದೆ ಬಿಎಚ್‌ಎಐ ಎಂಬ ನಾಲ್ಕನೆಯದೂ ಇದೆ, ಅದರಲ್ಲಿ ನಾಯಕಿ ಏಕಾಏಕಿ ಭಾಯಿಯಾಗುತ್ತಾಳೆ. ಇಡೀ ಹೆಸರು ಒಂದೇ ಪದವೋ ಎರಡೋ ಎಂಬುದು ಬೇರೆ. ಗುಣಿಸಿದರೆ ಒಟ್ಟು 64. ನಮ್ಮ ಹಿರಿಯರು ವಿದ್ಯೆಗಳು ಅರವತ್ನಾಲ್ಕು ಎಂದು ಎಣಿಸಿಟ್ಟದ್ದು ಯಾವ ಗಣಿತದಿಂದ ಎಂಬ ಬಹುಕಾಲದ ಸಂದೇಹ ಇಲ್ಲಿಗೆ ಪರಿಹಾರವಾಯಿತು.

ಪೂರ್ವಪಕ್ಷದವರು ಕೇಳಬಹುದು: ಹೆಸರು ತಪ್ಪಿದ್ದರೇನು, ಪುಸ್ತಕದ ಒಳಗಿನ ಮಾತನ್ನೇ ಹುಡುಕಿದರಾಯಿತಲ್ಲ? ಅಸಾಧು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಟದ ಚಿತ್ರದಿಂದ ಅಕ್ಷರ ಓದುವ ಯಂತ್ರ ಹಿಂದೆಲ್ಲ ಕನ್ನಡವನ್ನು ತನಗೆ ಓದಲು ಬಾರದ ಭಾಷೆಯೆಂದು ಬರೆದು ಕೈಮುಗಿಯುತ್ತಿತ್ತು. ಅದು ವಿನಯ. ಈಗ ಓದಲು ಕಲಿತಿರುವುದರಿಂದ ವಿನಯ ಹೋಗಿದೆ. ಮಾಸಿದ ಹಳೆಯ ಅಚ್ಚಿನಲ್ಲಿ ಮಹಾಪ್ರಾಣದ ಸೀಳು ಅಳಿಸಿದ್ದರೆ ಧನವಂತ ದನವಂತನಾಗುತ್ತಾನೆ. ಅನುಸ್ವಾರ ಕಂಡಲ್ಲಿ ಸೊನ್ನೆ ಬಂದು ಕೂರುತ್ತದೆ. ಒತ್ತಕ್ಷರಗಳು ಮೇಲಿನ ಸಾಲಿನವೋ ಕೆಳಗಿನ ಸಾಲಿನವೋ ಎಂಬ ವ್ಯಾಜ್ಯ ತೀರುವುದೇ ಇಲ್ಲ. ‘ಪೂರ್ಣಪಾಠ’ ಎಂಬ ಕೊಂಡಿಯ ಹಿಂದೆ ಇರುವುದು ಇದೇ. ಅದರಲ್ಲಿ ಹುಡುಕಬೇಕಾದವನು ಗುಮಾಸ್ತನ ತಪ್ಪಿನ ಜೊತೆಗೆ ಯಂತ್ರದ ತಪ್ಪನ್ನೂ ಅಭ್ಯಾಸ ಮಾಡಬೇಕಾಗುತ್ತದೆ. ಇದರಿಂದ ನಮ್ಮ ನ್ಯಾಯಕ್ಕೆ ಬಾಧೆ ಬರುವುದಿರಲಿ, ದ್ವಿಗುಣ ಪುಷ್ಟಿ ಸಿಗುತ್ತದೆ.

ಕಾಪಿರೈಟ್ ಅಡ್ಡ ಬಂದಿರಬಹುದು ಎಂಬುದು ವಕೀಲರ ಆಕ್ಷೇಪ. ನಮ್ಮ ಕಾನೂನಿನಲ್ಲಿ ಲೇಖಕ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ವೆಂಕಟರಾಯರು ತೀರಿಕೊಂಡದ್ದು 1913ರಲ್ಲಿ. ತಡೆಯುವವರು ಯಾರೂ ಇಲ್ಲ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಕ್ಕು 2054ರ ಕೊನೆಯವರೆಗೆ ಇದೆ. ಆದರೆ ಅನುಭವ ಏನು ಹೇಳುತ್ತದೆ? ಹಕ್ಕು ಜೀವಂತವಿರುವ ಕಾದಂಬರಿಯ ಪಿಡಿಎಫ್ ವಾಟ್ಸಾಪ್‌ನಲ್ಲಿ ಕೇಳದೆಯೇ ಬಂದು ಬೀಳುತ್ತದೆ, ಜೊತೆಗೊಂದು ಶುಭೋದಯ. ಹಕ್ಕು ತೀರಿದ್ದನ್ನು ಮಾತ್ರ ತಪಸ್ಸು ಮಾಡಿ ಪಡೆಯಬೇಕು. ಆದ್ದರಿಂದ ಕಾಪಿರೈಟ್ ಪುಸ್ತಕವನ್ನು ಬಚ್ಚಿಡುತ್ತದೆ ಎಂಬ ವಾದ ಬಿದ್ದುಹೋಯಿತು.

ಇನ್ನು ಕೆಲವರು ಇಂಗ್ಲಿಷ್ ಅನುವಾದ ಓದಿ ಎನ್ನುತ್ತಾರೆ. ಕೌಚ್‌ಮನ್ ಎಂಬ ಅಧಿಕಾರಿ 1903ರಲ್ಲೇ ಅದನ್ನು ಮಾಡಿದ್ದರು, ನಿಜ. ಅದರ ಇಂಗ್ಲಿಷ್ ಉಪಶೀರ್ಷಿಕೆಗೆ ಜಗತ್ತಿನಾದ್ಯಂತ ಒಂದೇ ಕಾಗುಣಿತ. ಕನ್ನಡದ ಕಾದಂಬರಿಯನ್ನು ಇಂಗ್ಲಿಷಿನ ಹೆಸರಲ್ಲಿ ಹುಡುಕುವುದು ಸಲೀಸು ಎಂದು ಇದರಿಂದ ಸಿದ್ಧವಾಗುತ್ತದೆಯೇ ಹೊರತು ನಮ್ಮ ನ್ಯಾಯ ಖಂಡಿತವಾಗುವುದಿಲ್ಲ.

ಉಳಿದದ್ದು ಸುಧಾರಕರ ಆಕ್ಷೇಪ: ಪಟ್ಟಿಯ ತಪ್ಪುಗಳನ್ನು ತಿದ್ದಿಬಿಡಬಾರದೇಕೆ? ಕನ್ನಡ ವಿಕಿಸೋರ್ಸ್‌ನ ಸ್ವಯಂಸೇವಕರು ಪುಟಪುಟವಾಗಿ ಟೈಪಿಸಿ ತಿದ್ದುತ್ತಲೂ ಇದ್ದಾರೆ, ಅವರ ಶ್ರದ್ಧೆಗೆ ನಮಸ್ಕಾರ. ಪಟ್ಟಿಯ ವಿಷಯದಲ್ಲಿ ಮಾತ್ರ ಶಾಸ್ತ್ರ ಎಚ್ಚರಿಸುತ್ತದೆ. ತಿದ್ದುವ ಭಾರ ವಿದ್ವಾಂಸರಿಗೆ ಬೀಳುತ್ತದೆ. ಅವರು ದೀರ್ಘಕ್ಕೆ ತಲೆಗೆರೆ, ಅನುಸ್ವಾರಕ್ಕೆ ಚುಕ್ಕೆ ಹಾಕಿ ದೋಷರಹಿತವಾದ 65ನೆಯ ರೂಪವೊಂದನ್ನು ಸ್ಥಾಪಿಸುತ್ತಾರೆ. ಆ ಗೆರೆಚುಕ್ಕೆಗಳು ಕೀಬೋರ್ಡಿನಲ್ಲಿ ಎಲ್ಲಿವೆಯೆಂದು ಅವರಿಗೂ ಗೊತ್ತಿಲ್ಲ.