ಹತ್ತೇ ನಿಮಿಷದ ಬೆಟ್ಟ

ಕುಕ್ಕೆ ಸುಬ್ರಹ್ಮಣ್ಯದ ಬೆನ್ನಿಗೆ 1712 ಮೀಟರ್ ಎತ್ತರ ನಿಂತಿರುವ ಕುಮಾರಪರ್ವತವನ್ನು ಒಂದೇ ಹಗಲಿನಲ್ಲಿ ಹತ್ತಿಳಿಯುವ ಹುಚ್ಚಿಗೆ ಮೂಲಕಾರಣ ಭಕ್ತಿಯೂ ಅಲ್ಲ, ಪ್ರಕೃತಿಪ್ರೇಮವೂ ಅಲ್ಲ, ಗೆಳೆಯ. ಮೊದಲ ಮಹಡಿಗೂ ಲಿಫ್ಟ್ ಹುಡುಕುವ ಗೃಹಸ್ಥನನ್ನು ಆತ ‘ಇನ್ನು ಹತ್ತೇ ನಿಮಿಷ ಮಾರಾಯ’ ಎಂಬ ಏಕೈಕ ವಾಕ್ಯದ ಬಲದಿಂದ ಶೇಷಪರ್ವತದವರೆಗೂ ಎಳೆದೊಯ್ಯುತ್ತಾನೆ. ಅಲ್ಲಿ ಏದುಸಿರಿನಲ್ಲೇ ವಿಜಯದ ಫೋಟೋ ತೆಗೆಸಿಕೊಂಡ ಗೃಹಸ್ಥನಿಗೆ, ನಿಜವಾದ ಶಿಖರಕ್ಕೆ ಶೋಲಾ ಎಂಬ, ಕುಳ್ಳ ಮರಗಳು ದಟ್ಟವಾಗಿ ಹೆಣೆದುಕೊಂಡ ಮಲೆಕಾಡಿಗಿಳಿದು ಮತ್ತೆ ಏರಬೇಕೆಂಬ ಸತ್ಯ ತಿಳಿಯುವುದು ಆಮೇಲೆ. ಮಳೆ ನಿಂತ ದಿನಗಳಲ್ಲೂ ತೇವದ ತರಗೆಲೆಯಡಿ ಕಾದಿದ್ದು ಕಾಲುಚೀಲದೊಳಕ್ಕೆ ನುಸುಳುವ ನೆತ್ತರುಹೀರುಕ ಇಂಬಳ, ಇಬ್ಬರಲ್ಲಿ ಗೃಹಸ್ಥನನ್ನೇ ಆರಿಸಿಕೊಳ್ಳುವುದೇಕೆಂಬ ಪ್ರಶ್ನೆಗೆ ಪ್ರಾಣಿಶಾಸ್ತ್ರದಲ್ಲಿ ಉತ್ತರವಿರಲಿ ಇಲ್ಲದಿರಲಿ, ಉಪ್ಪಿನ ಪೊಟ್ಟಣವನ್ನು ಚೀಲದ ತಳದಲ್ಲಿ ಹೂತಿಟ್ಟ ಗೆಳೆಯನಲ್ಲಂತೂ ಸಿದ್ಧವಾಗಿರುತ್ತದೆ: ‘ಊರಿಗೆ ಹೋದ ಮೇಲೆ ಒಮ್ಮೆ ಶುಗರ್ ಚೆಕ್ ಮಾಡಿಸು.’